ಪ್ರತಿವಾದಿಗೆ ಕೊಟ್ಟ ನೀರು

ಕಳೆದ ತಿಂಗಳು ಸ್ಕೂಟರಿನ ಹಿಂದಿನ ಚಕ್ರ ಪಂಕ್ಚರ್ ಆಗಿ, ಮೈಸೂರಿನ ನಮ್ಮ ಬಡಾವಣೆಯ ತಿರುವಿನಲ್ಲಿರುವ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡಿದ. ಒರೆಸಿದ, ಉಜ್ಜಿದ, ಸೊಲ್ಯೂಷನ್ ಡಬ್ಬಿಯ ಮುಚ್ಚಳ ತೆಗೆದ. ಆ ವಾಸನೆ... ಮೊದಲು ಸಿಹಿಯೆನಿಸಿ, ಆಮೇಲೆ ಹಣೆಯ ಹಿಂದೆ ಹೋಗಿ ಕೂತುಬಿಡುವ ವಾಸನೆ. ತೊಟ್ಟಿಯ ನೀರಿನ ಮೇಲೆ ಬಣ್ಣಬಣ್ಣದ ತೆಳು ಪೊರೆಯೊಂದು ಆಡುತ್ತಿತ್ತು. ನಾನು ಹಿಂದೆ ಸರಿದೆ. "ಏನಾಯ್ತು ಮೇಡಂ?" ಅಂದ. ಏನಿಲ್ಲ ಅಂದೆ.

ವಾಸನೆ ಹಳೆಯದನ್ನೆಲ್ಲ ಇದ್ದ ಹಾಗೆಯೇ ಎತ್ತಿ ತರುತ್ತದೆ ಎಂದು ಬರೆಯುವವರನ್ನು ನಾನು ನಂಬುವುದಿಲ್ಲ. ಅದು ಒಂದು ಚೂರನ್ನು ತಂದು ಎಸೆಯುತ್ತದೆ, ಅಷ್ಟೆ. ಮಿಕ್ಕದ್ದನ್ನು ನಾವು ಹೊಲಿದುಕೊಳ್ಳುತ್ತೇವೆ. ನನಗೆ ಸಿಕ್ಕ ಚೂರು ಒಂದು ಬಾವಿ, ಅದರ ಪಕ್ಕದಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತ ಒಬ್ಬ ಹೆಂಗಸು. ಮಿಕ್ಕದ್ದರಲ್ಲಿ ಎಲ್ಲೆಲ್ಲಿ ಹೊಲಿಗೆ ಇದೆಯೆಂದು ನನಗೆ ಗೊತ್ತಿದೆಯೋ ಅಲ್ಲಲ್ಲಿ ಹೇಳಿಬಿಡುತ್ತೇನೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ವಿಶಾಖಪಟ್ಟಣದ ಹೊರಗೆ, ಪರವಾಡದ ಒಂದು ಔಷಧ ಕಾರ್ಖಾನೆಯಲ್ಲಿ ನಾನು ದಾಖಲೆ ತಪಾಸಣೆಯ ಕೆಲಸಕ್ಕೆ ಸೇರಿದ್ದೆ. ಯಾವುದಕ್ಕೆ ಏನು ಸುರಿದರು, ಸುರಿದವರು ಯಾರು, ಸುರಿಯುವುದನ್ನು ನೋಡಿದವರು ಯಾರು, ಎಲ್ಲದಕ್ಕೂ ಸಹಿ ಬಿದ್ದಿದೆಯೇ ಎಂದು ನೋಡುವ ಕೆಲಸ. ಊರಿನ ಅಂಚಿನ ಮನೆಯೊಂದರಲ್ಲಿ ಮಹಡಿಯ ಕೋಣೆ ಬಾಡಿಗೆಗೆ ಸಿಕ್ಕಿತು. ಕೆಳಗೆ ಮನೆಯೊಡತಿ ಒಬ್ಬಳೇ. ಮೊದಲ ಬೆಳಿಗ್ಗೆ ಕಂಪನಿ ಬಸ್ಸಿಗೆಂದು ಮೆಟ್ಟಿಲಿಳಿಯುತ್ತಿದ್ದವಳು ಅರ್ಧಕ್ಕೆ ನಿಂತುಬಿಟ್ಟೆ. ಅವಳು ಎಮ್ಮೆಯನ್ನು ಬೈಯುತ್ತಿದ್ದಳು, ಅದೂ ಗದಗಿನ ಕಡೆಯ ಕನ್ನಡದಲ್ಲಿ. ನಾನು ನಕ್ಕದ್ದು ಕೇಳಿಸಿತೇನೋ, ತಲೆಯೆತ್ತಿದಳು.

"ಮ್ಯಾಲಿನ ಮನಿ ಹುಡುಗಿ, ನೀ ಕನ್ನಡದಾಕಿ ಏನವಾ?"

ಹೌದೆಂದೆ.

"ಆತು ಬಿಡು. ಇಲ್ಲೀತನಕ ಏನ್ ಬೈದ್ರೂ ಓಣ್ಯಾಗ ಯಾರಿಗೂ ತಿಳೀತಿರಲಿಲ್ಲ. ಇನ್ನ ಮುಂದ ಎಮ್ಮಿಗೂ ಮರ್ಯಾದಿ ಕೊಡಬೇಕು."

ಅವತ್ತಿನಿಂದ ಅವಳು ನನಗೆ ಅಕ್ಕ, ನಾನು ಅವಳಿಗೆ ತಂಗಿ. ಅವಳ ತಾಯಿಯ ತಮ್ಮ ವಿಜಯವಾಡದ ಹಳೇ ಪೇಟೆಯಾದ ಒನ್ ಟೌನ್‌ನಲ್ಲಿ ವಕೀಲ. ಅವರ ಮನೆತನ ಎಷ್ಟೋ ಹಿಂದೆ ವ್ಯಾಪಾರಕ್ಕೆಂದು ಅಲ್ಲಿಗೆ ಹೋಗಿ ನೆಲೆಸಿದ್ದು. ಆ ಸೋದರಮಾವನೇ ಹುಡುಕಿ, ದುವ್ವಾಡ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದ ತೆಲುಗಿನವನೊಬ್ಬನಿಗೆ ಅಕ್ಕನನ್ನು ಕೊಟ್ಟಿದ್ದರು. ನಾನು ಹೋಗುವ ಹೊತ್ತಿಗೆ ಗಂಡ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಮನೆ, ಹಿತ್ತಿಲು, ಎಮ್ಮೆ, ಬಾವಿ. ಗಂಡನ ಪಿಂಚಣಿ.

ಆ ಬಾವಿಯ ನೀರು ಕೆಟ್ಟಿತ್ತು. ಹಿತ್ತಿಲ ಹಿಂದೆ ಒಂದು ಹಳ್ಳ. ಅದರ ಮೇಲ್ಗಡೆ ಒಂದು ದೊಡ್ಡ ಕಂಪನಿ, ನಾನು ಕೆಲಸ ಮಾಡುತ್ತಿದ್ದುದಲ್ಲ, ಬೇರೆಯದು. ಮೋಡ ಕವಿದ ದಿನ, ಮಳೆ ತೊಳೆದೊಯ್ಯುತ್ತದೆಂದು ಕೊಳೆನೀರು ಬಿಡುತ್ತಿದ್ದರೇನೋ, ಹಳ್ಳದಲ್ಲಿ ನೊರೆ ಬರುತ್ತಿತ್ತು. ಆ ನೀರು ಕುಡಿಯುವುದನ್ನು ಮೊದಲು ಬಿಟ್ಟದ್ದು ಎಮ್ಮೆ. ನೀರಿನ ಬಾನಿಯ ಹತ್ತಿರ ಮೂತಿ ತಂದು, ಉಸಿರು ಬಿಟ್ಟು, ಹಿಂದಕ್ಕೆ ತಿರುಗಿತಂತೆ. ಅಕ್ಕ ಒಂದು ವಾರ ಎಮ್ಮೆಗೆ ಹುಷಾರಿಲ್ಲವೆಂದೇ ತಿಳಿದಿದ್ದಳು. ಆಮೇಲೆ ಬಗ್ಗಿ ತಾನೇ ಮೂಸಿದಳು. ನನ್ನ ಕೈಯಲ್ಲೂ ಮೂಸಿಸಿದಳು. ನಮ್ಮ ಕಾರ್ಖಾನೆಯ ಕಾರಿಡಾರಿನಲ್ಲಿ ದಿನವೂ ಸಿಗುವ ವಾಸನೆ ಅದು. ಆದರೆ ಹೊರಗಿನ ನೀರನ್ನು ಗೇಟಿನೊಳಗೆ ತಂದು ಪರೀಕ್ಷೆ ಮಾಡಿಸುವುದು ಆಗದ ಮಾತು.

ಊರಿನವರು ಗಲಾಟೆ ಮಾಡಿದ್ದರು. ಕಂಪನಿ ಗಲಾಟೆಗೆ ಉತ್ತರವಾಗಿ ಕುಡಿಯುವ ನೀರಿನ ಟ್ಯಾಂಕರ್ ಕಳಿಸಿತು. ದಿನವೂ ಬೆಳಿಗ್ಗೆ, ಮೈತುಂಬ ಕಂಪನಿಯ ಹೆಸರು ಬರೆಸಿಕೊಂಡು, ಅದು ಓಣಿಗೆ ಬರುತ್ತಿತ್ತು. ಬಿಂದಿಗೆಗಳು ಸಾಲಾಗಿ ನಿಂತವು, ಗಲಾಟೆ ಮುಗಿಯಿತು. ಅಕ್ಕನೂ ಬಿಂದಿಗೆ ಇಟ್ಟಳು, ಇಡದೆ ಏನು ಮಾಡುತ್ತಾಳೆ? ಆದರೆ ಊರಿನಲ್ಲಿ ದಾವೆ ಹೂಡಿದವಳು ಅವಳೊಬ್ಬಳೇ. ಹಳ್ಳಕ್ಕೆ ಬಿಡುವುದನ್ನು ನಿಲ್ಲಿಸಬೇಕು, ತನ್ನ ಬಾವಿ ಮೊದಲಿನ ಹಾಗೆ ಆಗಬೇಕು, ಇಷ್ಟೇ ಕೋರಿಕೆ. ಪರಿಹಾರವೆಂದು ಒಂದು ಮೊತ್ತವನ್ನೂ ಸೇರಿಸೋಣ ಎಂದ ಮಾವನಿಗೆ, "ರೊಕ್ಕ ಕುಡೀತಾರೇನ್ ಮಾವ?" ಅಂದಿದ್ದಳು.

ದಾವೆ ಬಿದ್ದದ್ದು ವಿಜಯವಾಡದಲ್ಲಿ. ಕಂಪನಿಯ ಮುಖ್ಯ ಕಚೇರಿ ಅಲ್ಲಿ, ಮಾವನೂ ಅಲ್ಲಿ. ಮೊದಲ ವಾಯಿದೆಗೆ ನಾನೂ ರಜೆ ಹಾಕಿ ಜೊತೆಗೆ ಹೋದೆ. ದುವ್ವಾಡದಲ್ಲಿ ರೈಲು ಹತ್ತುವಾಗ ನೋಡಿದರೆ ಅಕ್ಕ ಇಳಕಲ್ಲಿನ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ತುರುಬು ಕಟ್ಟಿದ್ದಳು. ದಾರಿಯುದ್ದಕ್ಕೂ ಕಂಪನಿಗೆ ಏನು ಹೇಳಬೇಕೆಂದು ಅಭ್ಯಾಸ ಮಾಡುತ್ತಿದ್ದಳು. ಮೊದಲು ನಮಸ್ಕಾರ ಹೇಳಬೇಕು. ಆಮೇಲೆ, "ನಿಮ್ಮ ಮನ್ಯಾಗ ಬಾವಿ ಐತೇನ್ರಿ?" ಎಂದು ಕೇಳಬೇಕು.

ಕೋರ್ಟಿನ ವರಾಂಡದಲ್ಲಿ ಅವಳು ಕುತ್ತಿಗೆ ಉದ್ದ ಮಾಡಿ ಹುಡುಕಿದಳು. "ಮಾವ, ಯಾವುದು ಕಂಪನಿ?"

ಮಾವ ಕಂಬದ ಹತ್ತಿರ ನಿಂತಿದ್ದ ಕಪ್ಪು ಕೋಟಿನವನನ್ನು ತೋರಿಸಿದರು. "ಅದೋ, ಕಂಪನಿ ಪ್ಲೀಡರು ಗಾರು."

"ಪ್ಲೀಡರ್ ಅಲ್ಲ. ಕಂಪನಿ."

"ಕಂಪನಿ ರಾದಮ್ಮಾ." ಬರುವುದಿಲ್ಲ ಎಂದು ಅರ್ಥ. ಅವರ ಕನ್ನಡ ಅರ್ಧ ದಾರಿಯಲ್ಲಿ ತೆಲುಗಾಗಿಬಿಡುತ್ತಿತ್ತು. "ಕಂಪನಿಗೆ ಕಾಲು ಎಲ್ಲಿ ಇವೆ ಬರೋದಕ್ಕೆ?"

"ಕಾಲಿಲ್ಲದ್ದು ನನ್ನ ಬಾವೀತನಕ ಹ್ಯಾಂಗ ಬಂತು ಹಂಗಾರ?"

ಮಾವ ಜೋರಾಗಿ ನಕ್ಕರು. ಕಂಬದ ಹತ್ತಿರದ ಕಪ್ಪು ಕೋಟಿನವನೂ ಇತ್ತ ನೋಡಿ ಸುಮ್ಮನೆ ಮುಗುಳ್ನಕ್ಕ. ಚಿಕ್ಕ ವಯಸ್ಸಿನವನು, ವಿನಯವಂತ. ಅಕ್ಕನಿಗೆ ಕೈ ಮುಗಿದ. ಅಕ್ಕ ಅವನಿಗೆ ನಮಸ್ಕಾರ ಹೇಳಿದಳು, ಬಾವಿಯ ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ಅದನ್ನು ಕಂಪನಿಗೆಂದು ಇಟ್ಟುಕೊಂಡಿದ್ದಳು.

ಅವತ್ತು ಒಳಗೆ ಏನೂ ನಡೆಯಲಿಲ್ಲ. ಕಂಪನಿಯ ಪರವಾಗಿ ಒಂದು ಅರ್ಜಿ ಬಿತ್ತು. ನೀರಿನ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಬಾವಿ ಇರುವುದು ವಿಶಾಖಪಟ್ಟಣದ ಕಡೆ, ಆದ್ದರಿಂದ ಈ ವಿಜಯವಾಡದ ಕೋರ್ಟಿಗೆ ವಿಚಾರಿಸುವ ಅಧಿಕಾರವೇ ಇಲ್ಲ ಎಂದಿತ್ತು. ಒನ್ ಟೌನ್‌ನಲ್ಲಿ ಮಾವನ ಮನೆ ಒಂದು ಮೆಣಸಿನಕಾಯಿ ಸಗಟು ಅಂಗಡಿಯ ಮೇಲಿತ್ತು. ಕೆಳಗಿಂದ ಘಾಟು ಏರಿ ಬರುತ್ತಿತ್ತು. ಸೀನುತ್ತ, ಕಣ್ಣೊರೆಸುತ್ತ, ಮಾವ ನಮಗೆ ವಿವರಿಸಿದರು: ಕಂಪನಿಯ ಮುಖ್ಯ ಕಚೇರಿ ಇಲ್ಲೇ ಇದೆ, ಅದಕ್ಕೆ ಹೀಗೆ ಮಾಡಬೇಡ ಎಂದು ಆಜ್ಞೆ ಮಾಡಿದರೆ ಸಾಕು, ಬಾವಿಯ ಹತ್ತಿರ ಕೋರ್ಟು ಬರಬೇಕಾಗಿಲ್ಲ, ಕಾನೂನಿನಲ್ಲಿ ಅದಕ್ಕೆ ಜಾಗವಿದೆ. ಅವರಿಗೆ ಆ ವಾದದ ಮೇಲೆ ಎಷ್ಟು ಪ್ರೀತಿಯೆಂದರೆ, ಸೀನು ಬಂದರೂ ತಡೆದು ಮಾತು ಮುಗಿಸುತ್ತಿದ್ದರು.

ಆ ಒಂದು ಅರ್ಜಿ ತೀರ್ಮಾನವಾಗಲು ಒಂದು ಬೇಸಿಗೆ, ಒಂದು ಮಳೆಗಾಲ, ಮತ್ತೆ ಒಂದು ಬೇಸಿಗೆ ಬೇಕಾಯಿತು. ಅಕ್ಕ ಪ್ರತಿ ವಾಯಿದೆಗೂ ಹೋದಳು, ನಾನು ಕೆಲವಕ್ಕೆ ಮಾತ್ರ. ಹಾಗಾಗಿ ನನ್ನ ತಲೆಯಲ್ಲಿರುವ ವಿಜಯವಾಡದ ಕೋರ್ಟು ಹಲವು ದಿನಗಳು ಒಂದರ ಮೇಲೊಂದು ಬಿದ್ದು ಆದ ಒಂದೇ ದಿನ. ಕೊನೆಗೆ ದಾವೆ ವಾಪಸ್ಸು ಬಂತು: ಸರಿಯಾದ ಕೋರ್ಟಿಗೆ ಹೋಗಿ ಹಾಕಿಕೊಳ್ಳಿ. ಅಕ್ಕ ಮಾವನ ಮುಖವನ್ನೇ ನೋಡಿದಳು.

"ಸೋತ್ವೇನು?"

"ಸೋಲ್ಲೇದಮ್ಮಾ. ಶುರು ಆಗಲಿಲ್ಲ, ಅಷ್ಟೇ."

ಇಷ್ಟು ದಿನ ಓಡಾಡಿದ್ದು ಶುರುವೇ ಅಲ್ಲವೆಂದರೆ ಏನೆಂದು ಅವಳಿಗೆ ತಿಳಿಯಲಿಲ್ಲ. ನನಗೂ.

ವಿಶಾಖಪಟ್ಟಣದಲ್ಲಿ ಮತ್ತೆ ಹೂಡಿದರು. ಈಗ ಮಾವ ರೈಲು ಹತ್ತಿ ಬರತೊಡಗಿದರು. ಎರಡನೇ ಸಲ ಕಂಪನಿ ಹಾಕಿದ ಅರ್ಜಿ ನನ್ನನ್ನು ಬೆಚ್ಚಿಬೀಳಿಸಿತು. ಅದನ್ನು ಅಕ್ಕನಿಗೆ ಓದಿ ಹೇಳಿದವಳು ನಾನೇ. ದಾವೆಯಲ್ಲಿ ಹೆಸರಿಸಿರುವ ಪ್ರತಿವಾದಿ ಕಂಪನಿ ಈಗ ಅಸ್ತಿತ್ವದಲ್ಲಿಲ್ಲ, ಅದು ಇನ್ನೊಂದು ಕಂಪನಿಯಲ್ಲಿ ವಿಲೀನವಾಗಿದೆ, ಇಲ್ಲದವರ ಮೇಲೆ ದಾವೆ ನಡೆಯದು.

ಅಕ್ಕ ಹಾಲು ಕರೆಯುವುದನ್ನು ನಿಲ್ಲಿಸಿದಳು. "ಸತ್ತೈತಾ?"

"ಸತ್ತಿಲ್ಲ ಅಕ್ಕ. ಬೇರೆಯವರ ಜೊತೆ ಸೇರಿಕೊಂಡಿದೆ."

"ಮುಂಜಾನಿ ಟ್ಯಾಂಕರ್ ಬಂದಿತ್ತಲ್ಲ? ಸತ್ತವರು ನೀರ್ ಕಳಸ್ತಾರೇನು?"

ಟ್ಯಾಂಕರಿನ ಮೈಮೇಲೆ ಹಳೆಯ ಹೆಸರಿನ ಮೇಲೆ ಬಿಳಿ ಬಣ್ಣ ಬಳಿದು ಹೊಸ ಹೆಸರು ಬರೆದಿದ್ದರು. ಕೆಳಗಿನ ಅಕ್ಷರಗಳು ಇನ್ನೂ ಮಸುಕಾಗಿ ಕಾಣುತ್ತಿದ್ದವು. ಮಾವ ಪ್ರತಿವಾದಿಯ ಹೆಸರು ತಿದ್ದಲು ತಾವೊಂದು ಅರ್ಜಿ ಹಾಕಿದರು. ಅದಕ್ಕೆ ಕಂಪನಿ ತಕರಾರು ಸಲ್ಲಿಸಿತು. ತಕರಾರು ಸಲ್ಲಿಸಲು ತಡವಾದದ್ದನ್ನು ಮನ್ನಿಸಬೇಕೆಂದು ಕಂಪನಿಯದೇ ಇನ್ನೊಂದು ಅರ್ಜಿ. ಕೊನೆಗೆ ಹೆಸರು ತಿದ್ದಲು ಅನುಮತಿ ಸಿಕ್ಕಿತು. ಅಷ್ಟರಲ್ಲಿ ಎಮ್ಮೆಯನ್ನು ಮಾರಿಯಾಗಿತ್ತು. ಟ್ಯಾಂಕರಿನ ನೀರಿನಲ್ಲಿ ಮನುಷ್ಯರು ಬದುಕಬಹುದು, ಎಮ್ಮೆಗೆ ಅದೆಲ್ಲಿ ಸಾಲುತ್ತದೆ?

ಆಗ ಮಾವ ಒಂದು ಒಳ್ಳೆಯ ಅರ್ಜಿ ಹಾಕಿದರು. ದಾವೆ ಮುಗಿಯುವವರೆಗೆ ಹಳ್ಳಕ್ಕೆ ಬಿಡಬಾರದೆಂದು ಈಗಲೇ ತಡೆ ಕೊಡಿ, ಅದಕ್ಕಾಗಿ ಕೋರ್ಟಿನಿಂದ ಒಬ್ಬ ಕಮಿಷನರನ್ನು ಕಳಿಸಿ, ಅವರು ಬಾವಿಯನ್ನು ಕಣ್ಣಾರೆ ಕಂಡು ವರದಿ ಕೊಡಲಿ, ನೀರಿನ ಮಾದರಿ ತೆಗೆದು ಪರೀಕ್ಷೆಗೆ ಕಳಿಸಲಿ. ಕಂಪನಿ ವಿರೋಧಿಸಿತು. ಆದರೂ ಅರ್ಜಿ ಮಂಜೂರಾಯಿತು. ಒಬ್ಬ ಹಿರಿಯ ವಕೀಲರನ್ನು ಕಮಿಷನರಾಗಿ ನೇಮಿಸಿದರು. ಅಕ್ಕ ಮೊದಲ ಸಲ ಗೆದ್ದವಳಂತೆ ನಡೆದಾಡಿದಳು. ಕೋರ್ಟು ತನ್ನ ಮನೆಗೇ ಬರುತ್ತಿದೆ! ಇಷ್ಟು ದಿನ ಕಾಗದ ಓಡಾಡಿತು, ಈಗ ಕಣ್ಣು ಬರುತ್ತದೆ.

ಬಂದದ್ದು ಬೇಸಿಗೆಯ ಒಂದು ಮಧ್ಯಾಹ್ನ. ಈ ದಿನವನ್ನು ನಾನು ಜೋಪಾನವಾಗಿ ಹೇಳಬೇಕು. ಆಮೇಲೆ ಓದಿದ ಕಾಗದಗಳು ಇದರೊಳಕ್ಕೆ ಇಳಿದುಬಿಟ್ಟಿವೆ.

ಅಂಗಳ ಗುಡಿಸಿ, ರಂಗೋಲಿ ಹಾಕಿ, ಬಾವಿಕಟ್ಟೆಯನ್ನು ತೊಳೆದಿದ್ದಳು. ಕಮಿಷನರು ಬಂದರು, ತಲೆಯ ಮೇಲೆ ಒದ್ದೆ ಕರವಸ್ತ್ರ ಹಾಕಿಕೊಂಡಿದ್ದರು. ಅವರ ಹಿಂದೆ ನಮ್ಮ ಮಾವ. ವಿಜಯವಾಡದಲ್ಲಿ ಕೈ ಮುಗಿದಿದ್ದ ಅದೇ ವಿನಯವಂತ ಕಪ್ಪು ಕೋಟಿನವನು. ಅವನ ಜೊತೆ ಕಂಪನಿಯ ಒಬ್ಬ ಅಧಿಕಾರಿ. ಅವನು ಬಾವಿಯಿಂದ ದೂರದಲ್ಲಿ ನೆರಳು ಹುಡುಕಿ ನಿಂತ. ಅಕ್ಕ ನನ್ನ ಕಿವಿಯಲ್ಲಿ, "ಇವನೇನು ಕಂಪನಿ?" ಎಂದಳು. ಹತ್ತಿರ ಹತ್ತಿರ ಎಂದೆ.

ಕಮಿಷನರು ಬಾವಿಗೆ ಬಗ್ಗಿದರು, ಮುಖ ಹಿಂದಕ್ಕೆ ತೆಗೆದರು. ಮತ್ತೆ ಬಗ್ಗಿದರು. ನೀರು ಸೇದಿಸಿ, ಬಕೆಟ್ಟಿನಲ್ಲಿ ಬಿಸಿಲಿಗೆ ಹಿಡಿಸಿ, ಮೇಲಿನ ಬಣ್ಣದ ಪೊರೆಯನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ಮೂಸಿ, ತಾವು ಕಂಡದ್ದನ್ನು ಒಂದೊಂದಾಗಿ ಬರೆಸಿದರು. ಬಾಟಲಿಗಳಲ್ಲಿ ನೀರು ತುಂಬಿ, ಬಾಯಿ ಕಟ್ಟಿ, ಅರಗು ಕಾಯಿಸಿ ಮುದ್ರೆ ಒತ್ತಿದರು. ಎರಡೂ ಕಡೆಯವರ ಸಹಿಯಾಯಿತು. ಮಾವನ ಮುಖದಲ್ಲಿ ಬೆವರಿನ ಜೊತೆ ಸಂತೋಷ. ಎಲ್ಲವೂ ಸರಿಯಾಗಿತ್ತು. ಅಲ್ಲಿಗೇ ಮುಗಿದಿದ್ದರೆ...

ಅವರು ಹೊರಡಲು ಚಪ್ಪಲಿ ಹುಡುಕುವಾಗ ಅಕ್ಕ ಒಳಗಿಂದ ತಟ್ಟೆ ಹಿಡಿದು ಬಂದಳು. ಅವಳ ಊರಿನ ಕಡೆ ಬಿಸಿಲಿನಲ್ಲಿ ಬಂದವರಿಗೆ ಮೊದಲು ಬೆಲ್ಲದ ಚೂರು ಮತ್ತು ನೀರು. ಬಂದವರು ಯಾರು, ಯಾಕೆ ಬಂದರು ಎಂಬುದು ಆಮೇಲೆ. ಕರೆಂಟಿನ ಮೀಟರ್ ನೋಡಿ ಬರೆಯುವವನಿಗೂ, ಪೋಸ್ಟಿನವನಿಗೂ, ಮೊದಲ ದಿನ ನನಗೂ ಹಾಗೇ ಕೊಟ್ಟಿದ್ದಳು. ಹಿತ್ತಾಳೆಯ ಲೋಟಗಳು, ನಡುವೆ ಬೆಲ್ಲ.

"ತೀಸ್ಕೋಂಡಿ, ತೀಸ್ಕೋಂಡಿ," ಎಂದು ತೆಲುಗಿನಲ್ಲಿ ಉಪಚಾರ ಮಾಡಿದಳು.

ಕಪ್ಪು ಕೋಟಿನವನಿಗೆ ಬೆಲ್ಲ ಯಾಕೆಂದು ತಿಳಿಯಲಿಲ್ಲ. ಅಕ್ಕ ನಕ್ಕು ಅವನ ಅಂಗೈಯಲ್ಲಿ ತಾನೇ ಇಟ್ಟಳು. "ಮೊದ್ಲ ಬೆಲ್ಲ ಬಾಯಾಗ ಹಾಕ್ಕೊಳಪ್ಪಾ, ಆಮ್ಯಾಲ ನೀರು. ನಿಮ್ಮವ್ವ ಕಲಿಸಿಲ್ಲೇನು?" ಮಾವ ಅದನ್ನು ತೆಲುಗಿಗೆ ಹೇಳಿದರು. ಎಲ್ಲರೂ ನಕ್ಕರು. ಎಲ್ಲರೂ ಕುಡಿದರು.

ಇಲ್ಲಿ ಒಂದು ಹೊಲಿಗೆ ಇದೆ. ನನ್ನ ಕಣ್ಣಮುಂದೆ ಈಗ ಮೊದಲು ಕಮಿಷನರು ಕುಡಿಯುತ್ತಾರೆ, ಆಮೇಲೆ ಪ್ರತಿವಾದಿಯ ವಕೀಲ, ಆಮೇಲೆ ಅಧಿಕಾರಿ, ಕೊನೆಗೆ ವಾದಿಯ ವಕೀಲರಾದ ಮಾವ. ಸಾಲಾಗಿ, ಒಬ್ಬರಾದ ಮೇಲೊಬ್ಬರು. ಬಾಯಾರಿದ ಗಂಡಸರು ಹೀಗೆ ಸಾಲಾಗಿ ಕುಡಿಯುತ್ತಾರೆಯೇ? ಅಂಗಳದಲ್ಲಿ ಆಗ ಗದ್ದಲವಿತ್ತು, ನಾನು ಅರಗು ಕಾಯಿಸಿದ್ದ ಮೇಣದಬತ್ತಿ ಎತ್ತಿಡುತ್ತಿದ್ದೆ, ಯಾರ ಲೋಟ ಯಾವಾಗ ಖಾಲಿಯಾಯಿತೆಂದು ನನಗೆ ಗೊತ್ತಿರಲು ಸಾಧ್ಯವೇ ಇಲ್ಲ. ಆ ಸಾಲು ನಾನು ಆಮೇಲೆ ಓದಿದ ಅಫಿಡವಿಟ್ಟಿನಲ್ಲಿತ್ತು. ಅದೇ ನನ್ನ ಕಣ್ಣಿಗೆ ಬಂದು ಕೂತಿದೆ. ನಾನು ಆ ಅಂಗಳದಲ್ಲಿದ್ದೆ, ಆದರೂ ಅದನ್ನು ಕಂಪನಿಯ ವಾಕ್ಯಗಳಲ್ಲಿ ನೋಡುತ್ತೇನೆ. ಇದಕ್ಕಿಂತ ದೊಡ್ಡ ದಿಗಿಲು ನನಗೆ ಬೇರೆ ಇಲ್ಲ.

ಕಮಿಷನರು ಪ್ರಾಮಾಣಿಕರು. ವರದಿಯಲ್ಲಿ ನೀರಿನ ಬಣ್ಣ, ವಾಸನೆ, ಪೊರೆ, ಎಲ್ಲವನ್ನೂ ಬರೆದಿದ್ದರು. ಹಾಗೆಯೇ ಕೊನೆಯಲ್ಲಿ, ವಾದಿಯು ಹಾಜರಿದ್ದವರಿಗೆಲ್ಲ ಬೆಲ್ಲ ಮತ್ತು ಕುಡಿಯುವ ನೀರು ಕೊಟ್ಟರು, ಸ್ವೀಕರಿಸಿದೆವು ಎಂದೂ ಬರೆದಿದ್ದರು. ನಡೆದದ್ದನ್ನು ನಡೆದ ಹಾಗೆ. ಆ ಸಾಲನ್ನು ನಾನು ಓದಿದಾಗ ಅಕ್ಕನಿಗೆ ಹೆಮ್ಮೆ. "ಬೆಲ್ಲಾನೂ ಬರದಾರಾ? ಚೊಲೋ ಮನಶ್ಯಾ."

ಮುಂದಿನ ವಾಯಿದೆಗೆ ಕಂಪನಿ ಆಕ್ಷೇಪಣೆ ಸಲ್ಲಿಸಿತು. ಆ ಅಧಿಕಾರಿಯ ಅಫಿಡವಿಟ್ಟಿನ ಮೇಲೆ. ವಾದಿಯು ತನ್ನ ಮನೆಯ ನೀರನ್ನು ತಾನೇ ಕಮಿಷನರಿಗೂ, ಪ್ರತಿವಾದಿಯ ವಕೀಲರಿಗೂ, ಪ್ರತಿವಾದಿಯ ಅಧಿಕಾರಿಗೂ, ತನ್ನ ಸ್ವಂತ ವಕೀಲರಿಗೂ ಕುಡಿಯಲು ಕೊಟ್ಟಿದ್ದಾರೆ. ಎಲ್ಲರೂ ಕುಡಿದಿದ್ದಾರೆ. ಯಾರಿಗೂ ಏನೂ ಆಗಿಲ್ಲ. ವಾದಿಯು ಸಂತೋಷದಿಂದ, ನಗುತ್ತ, ಒತ್ತಾಯಪೂರ್ವಕವಾಗಿ ಕೊಟ್ಟಿದ್ದಾರೆ. ನೀರು ಕುಡಿಯಲು ಯೋಗ್ಯವಲ್ಲವೆಂಬ ದೂರು ಸುಳ್ಳೆಂಬುದಕ್ಕೆ ವಾದಿಯ ಈ ನಡವಳಿಕೆಯೇ ಸಾಕ್ಷಿ. ಆದ್ದರಿಂದ ತಡೆ ಕೊಡಬಾರದು. ಈ ಆಕ್ಷೇಪಣೆ ತೀರ್ಮಾನವಾಗುವವರೆಗೆ ಬಾಟಲಿಗಳನ್ನು ಪರೀಕ್ಷೆಗೆ ಕಳಿಸಲೂ ಬಾರದು.

ನಾನು ಮಹಡಿಯ ಮೆಟ್ಟಿಲ ಮೇಲೆ ಕೂತು ಇದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಕೆಳಗಿನ ಮೆಟ್ಟಿಲಲ್ಲಿ ಅಕ್ಕ.

"ನಗತಾ ಕೊಟ್ಟೆ ಅಂತ ಬರದಾರಾ?"

"ಹೌದು."

"ಅಳಕೋತ ಕೊಡತಾರೇನು ನೀರು?"

ಮಾವ ಬಂದಾಗ ಅಕ್ಕ ಅವರ ಎದುರಿಗೆ ಬಿಂದಿಗೆ ತಂದಿಟ್ಟಳು. "ಟ್ಯಾಂಕರಿಂದು ಮಾವ! ಬಾವೀದಲ್ಲ. ಬಾವಿ ನೀರ್ ಕೊಡ್ತೀನೇನ ನಾ, ಮನೀಗೆ ಬಂದವರಿಗೆ? ಹೇಳು ಅವರಿಗೆ, ಟ್ಯಾಂಕರಿಂದು ಅಂತ."

ಮಾವ ಕುರ್ಚಿಯಲ್ಲಿ ಕೂತು ಹಣೆ ಒತ್ತಿಕೊಳ್ಳುತ್ತಿದ್ದರು. ಅವರು ಆವತ್ತು ಹೇಳಿದ್ದು ಹೆಚ್ಚುಕಡಿಮೆ ಹೀಗೆ, ಅವರ ಕನ್ನಡದಲ್ಲಿ: "ಹೇಳಬಹುದಮ್ಮಾ. ಆಗ ಅವರು ಏನು ಅಂತಾರೆ? ಟ್ಯಾಂಕರ್ ಯಾರದು, ನಮ್ಮದೇ ಕದಾ. ಒಳ್ಳೇ ನೀರು ಮನೆ ಮುಂದೆಯೇ ಕೊಡ್ತಾ ಇದ್ದೀವಿ, ಈಕೆ ಕುಡಿತಾ ಇದ್ದಾಳೆ, ಬಂದವರಿಗೆ ಕೂಡ ಕೊಡ್ತಾ ಇದ್ದಾಳೆ, ಇನ್ನ ಈಕೆಗೆ ಕಷ್ಟ ಏನು? ತಡೆ ಯಾಕೆ? ಅಂತಾರೆ." ಹಣೆಯಿಂದ ಕೈ ತೆಗೆದು ಹೇಳಿದರು, "ಬಾವಿದು ಅಂದರೂ ಪೋಯಿಂದಿ. ಟ್ಯಾಂಕರ್‌ದು ಅಂದರೂ ಪೋಯಿಂದಿ." ಎರಡರಲ್ಲೂ ಹೋಯಿತು.

"ಹಂಗಾರ ನೀರಽ ಕೊಡಬಾರದಿತ್ತೇನು?"

ಮಾವ ಬಿಂದಿಗೆಯನ್ನು ಬದಿಗೆ ಸರಿಸಿದರು. "ನಾನೂ ಕುಡಿದೆ ಕದಾ," ಎಂದರು. ಅಷ್ಟು ವರ್ಷ ಕಪ್ಪು ಕೋಟು ಹಾಕಿದ್ದ ಮನುಷ್ಯ, ಒಂದು ಲೋಟ ನೀರಿನ ಬಗ್ಗೆ ಅವತ್ತು ಅವರಿಗೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಆ ಮನೆಯ ಸಂಬಂಧಿಕರು ಅವರು. ಬೆಲ್ಲ ತಿಂದು ನೀರು ಕುಡಿದೇ ದೊಡ್ಡವರಾದವರು.

ನಾನು ಸಾಕ್ಷಿ ಹೇಳುತ್ತೇನೆಂದೆ. "ಯಾವ ಬಿಂದಿಗೆಯಿಂದ ತುಂಬಿದಳೆಂದು ನೋಡಿದೆಯಾ?" ಎಂದು ಕೇಳಿದರು. ನೋಡಿರಲಿಲ್ಲ. ನೀರು ತುಂಬಿದ್ದು ಒಳಗೆ, ನಾನಿದ್ದದ್ದು ಅಂಗಳದಲ್ಲಿ. ಮನೆಯ ಬಾಡಿಗೆಯವಳ ಮಾತನ್ನು ಹೇಗೂ ಯಾರೂ ಒಪ್ಪುವುದಿಲ್ಲ ಎಂದು ಅವರೇ ಸಮಾಧಾನ ಹೇಳಿದರು.

ಆ ವಾಯಿದೆಯ ದಿನ ವಿಶಾಖಪಟ್ಟಣದ ಕೋರ್ಟಿನ ವರಾಂಡದಲ್ಲಿ ಅಕ್ಕ ಕಪ್ಪು ಕೋಟಿನವನ ದಾರಿಗೆ ಅಡ್ಡ ನಿಂತಳು. ನಾನು ಅವಳ ತೋಳು ಹಿಡಿದಿದ್ದೆ. ಬೈಯುತ್ತಾಳೆಂದು ಹೆದರಿದ್ದೆ. ಎಮ್ಮೆಗೆ ಬೈದ ಬಾಯಿ ಅದು. ಅವಳು ಮೆಲ್ಲಗೆ, ತನ್ನ ತೆಲುಗಿನಲ್ಲಿ, ಅವತ್ತು ಬೆಲ್ಲ ಸಿಹಿಯಿತ್ತಾ ಬಾಬು ಎಂದು ಕೇಳಿದಳು.

ಅವನ ಮುಖ ಕೆಂಪಾಯಿತು. "ನಾದೇಮುಂದಮ್ಮಾ, ಕಂಪನೀವಾಳ್ಳು ಚೆಪ್ಪಾರು, ನೇನು ರಾಶಾನು," ಎಂದ. ನನ್ನದೇನಿದೆ ಅಮ್ಮಾ, ಕಂಪನಿಯವರು ಹೇಳಿದರು, ನಾನು ಬರೆದೆ.

ಅಕ್ಕ ನನ್ನ ಕಡೆ ತಿರುಗಿದಳು. "ಕಂಪನಿಗೆ ಹೇಳಿದವರ್ಯಾರು, ಕೇಳು. ಅವತ್ತ ನನ್ನ ಅಂಗಳದಾಗ ಅದು ಇರಲೇ ಇಲ್ಲ ಅಂದ್ರ, ನಾ ನಕ್ಕದ್ದು ಅದಕ್ಹ್ಯಾಂಗ ಗೊತ್ತಾತು?"

ಅವನು ಕೈ ಮುಗಿದು ಒಳಗೆ ಹೋದ. ಆ ಹುಡುಗನ ಮೇಲೆ ನನಗೆ ಇವತ್ತಿಗೂ ಸಿಟ್ಟು ಬರುವುದಿಲ್ಲ, ಯಾಕೆಂದು ಗೊತ್ತಿಲ್ಲ. ಬಂದಿದ್ದರೆ ಈ ಕಥೆ ಸುಲಭವಾಗುತ್ತಿತ್ತು.

ತಡೆ ಸಿಗಲಿಲ್ಲ, ಈ ಹಂತದಲ್ಲಿ ಬೇಡ ಎಂದಾಯಿತು. ಆದರೆ ಬಾಟಲಿಗಳನ್ನು ಪರೀಕ್ಷೆಗೆ ಕಳಿಸಲು ಆದೇಶವಾಯಿತು. ಅದರ ವಿರುದ್ಧ ಕಂಪನಿ ಹೈಕೋರ್ಟಿಗೆ ಹೋಗಿ, ಅಲ್ಲಿಯ ವಿಚಾರಣೆ ಮುಗಿಯುವವರೆಗೆ ಬಾಟಲಿಗಳನ್ನು ಮುಟ್ಟದ ಹಾಗೆ ಮಾಡಿಕೊಂಡಿತು. ಮುದ್ರೆ ಹಾಕಿದ ನೀರು ಕೋರ್ಟಿನ ಯಾವುದೋ ಬೀರುವಿನಲ್ಲಿ ಉಳಿಯಿತು. ಅದರಲ್ಲಿ ಏನಿದೆಯೆಂದು ಯಾರೂ ನೋಡಲಿಲ್ಲ. ಅಷ್ಟು ವರ್ಷ, ಅಷ್ಟು ಅರ್ಜಿ, ಎರಡು ಊರು. ಒಂದೇ ಒಂದು ದಿನವೂ ಯಾವ ಕೋರ್ಟಿನಲ್ಲೂ ನೀರಿನ ಮಾತು ಬರಲಿಲ್ಲ, ಅವಳು ಕೊಟ್ಟ ಆ ಲೋಟದ ನೀರನ್ನು ಬಿಟ್ಟರೆ.

ಆಮೇಲಿನದ್ದನ್ನು ನಾನು ತಕ್ಷಣ ಗಮನಿಸಲಿಲ್ಲ. ಒಂದು ಮಧ್ಯಾಹ್ನ ಕೋರ್ಟಿನ ನೋಟಿಸು ತಂದ ಅಮೀನ ಮೆಟ್ಟಿಲ ಮೇಲೆ ಕೂತು ಬೆವರೊರೆಸುತ್ತ ನೀರು ಕೇಳಿದ. ಅಕ್ಕ ಒಳಗಿಂದ ಬಂದು, "ನೀರಿಲ್ಲ. ಸಹಿ ಎಲ್ಲಿ?" ಎಂದಳು. ಪೋಸ್ಟಿನವನಿಗೂ ಕೊಡುವುದು ನಿಂತಿತು. ಅಕ್ಕಪಕ್ಕದ ಹೆಂಗಸರು ಬಂದರೆ ಬಾಗಿಲಲ್ಲೇ ನಿಂತು ಮಾತಾಡಿಸಿ ಕಳಿಸುತ್ತಿದ್ದಳು. ಹಿತ್ತಾಳೆಯ ಲೋಟಗಳನ್ನು ಅಟ್ಟಕ್ಕೆ ಹಾಕಿದಳು. ಒಮ್ಮೆ ನಾನೇ ಕೇಳಿದೆ. "ಕೊಟ್ಟರ ಬರಕೋತಾರ, ತಂಗಿ," ಎಂದಳು, ಏನೂ ವಿಶೇಷವಿಲ್ಲದ ದನಿಯಲ್ಲಿ, ಮಳೆ ಬರಬಹುದು ಎನ್ನುವ ಹಾಗೆ.

ಮದುವೆಯಾಗಿ ನಾನು ಮೈಸೂರಿಗೆ ಬಂದೆ. ಆ ದಶಕ ಮುಗಿಯುವ ಹೊತ್ತಿಗೆ ಒಂದು ಸಲ, ಹಳೆಯ ಕಾರ್ಖಾನೆಯಿಂದ ನನ್ನ ಕಾಗದಪತ್ರ ತರಲೆಂದು ಹೋದವಳು, ಅಕ್ಕನ ಮನೆಗೂ ಹೋದೆ. ಅವಳು ಬಹಳ ಇಳಿದಿದ್ದಳು. ಕೂದಲು ಬೆಳ್ಳಗಾಗಿತ್ತು. ಬಾವಿಗೆ ತಗಡು ಮುಚ್ಚಿ ಮೇಲೆ ಕಲ್ಲು ಹೇರಿದ್ದಳು. ನನ್ನನ್ನು ಕಂಡು ಬಾಗಿಲಲ್ಲೇ ತಬ್ಬಿಕೊಂಡಳು, ಕೆನ್ನೆ ಸವರಿದಳು. ಗಂಡ ಹೇಗೆ, ಅತ್ತೆ ಹೇಗೆ, ಇನ್ನೂ ಯಾಕೆ ಮಕ್ಕಳಾಗಿಲ್ಲ, ಎಲ್ಲ ಕೇಳಿದಳು. ವರಾಂಡದಲ್ಲಿ ಚಾಪೆ ಹಾಸಿದಳು. ನಾನು ಬಸ್ಸಿನಿಂದಿಳಿದು ಬಿಸಿಲಿನಲ್ಲಿ ನಡೆದು ಬಂದಿದ್ದೆ, ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಅವಳು ಎದ್ದು ಒಳಗೆ ಹೋಗುತ್ತಾಳೆಂದು ಕಾದೆ. ಹೋಗಲಿಲ್ಲ. ಅವಳ ಕೈ ಒಂದೆರಡು ಸಲ ನೆಲಕ್ಕೆ ಊರಿತು, ಏಳುವವರ ಹಾಗೆ. ಮತ್ತೆ ಮಡಿಲಿಗೆ ಬಂತು. ನಾನು ಕೇಳಬಹುದಿತ್ತು. ಕೇಳಿದರೆ ಅವಳು ಇಲ್ಲವೆನ್ನಬೇಕಾಗುತ್ತದೆ ಎಂದು ಕೇಳಲಿಲ್ಲ.

"ಕೇಸು?" ಎಂದೆ.

"ನಡದೈತಿ," ಎಂದಳು.

ಹೊರಟಾಗ ಬಸ್ ನಿಲ್ದಾಣದವರೆಗೂ ಬಂದಳು. ಅಲ್ಲೊಂದು ಕಿರಾಣಿ ಅಂಗಡಿ. ನನ್ನನ್ನು ನಿಲ್ಲಿಸಿ, ಅಂಗಡಿಯವನಿಂದ ಒಂದು ನೀರಿನ ಬಾಟಲಿ ಕೊಂಡಳು. ಅವನ ಕೈಯಿಂದ ತಾನು ತೆಗೆದುಕೊಳ್ಳಲಿಲ್ಲ. ಅವಳ ಕೈಗೇ ಕೊಡು ಎಂದು ತೆಲುಗಿನಲ್ಲಿ ಹೇಳಿ ನನ್ನನ್ನು ತೋರಿಸಿದಳು. ಅವನು ನನಗೆ ಕೊಟ್ಟ. ಅಕ್ಕ ಎರಡು ಹೆಜ್ಜೆ ದೂರ ನಿಂತಿದ್ದಳು, ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು.

"ಕುಡಿ ತಂಗಿ. ಅಂಗಡೀದು ಅದು. ನಾ ಕೊಟ್ಟದ್ದಲ್ಲ."

ನಾನು ಅಲ್ಲೇ, ಅವಳೆದುರೇ, ಪೂರ್ತಿ ಕುಡಿದೆ. ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು. ಬಸ್ಸು ಬಂತು.

ಅವಳು ಹೋದದ್ದು ನನಗೆ ಗೊತ್ತಾದದ್ದು ಮಾವನ ಫೋನಿನಿಂದ, ಹೋಗಿ ಕೆಲವು ತಿಂಗಳಾದ ಮೇಲೆ. ವಾರಸುದಾರರು ಯಾರೂ ಮುಂದೆ ಬರಲಿಲ್ಲವಂತೆ. ವಾದಿ ಸತ್ತು, ಅವಳ ಜಾಗಕ್ಕೆ ಗಡುವಿನೊಳಗೆ ಯಾರೂ ಬರದಿದ್ದರೆ ದಾವೆ ತಾನಾಗಿಯೇ ಕೊನೆಗೊಳ್ಳುತ್ತದೆ. ಯಾರೂ ಅರ್ಜಿ ಹಾಕಬೇಕಾಗಿಲ್ಲ. ಕಂಪನಿ ಏನನ್ನೂ ಮಾಡದೆ ಮುಗಿದದ್ದು ಅದೊಂದೇ. ಕಂಪನಿಯೂ ನಡುವೆ ಇಲ್ಲವಾಗಿತ್ತಲ್ಲ, ಬೇರೆ ಹೆಸರಿನಲ್ಲಿ ಬಂದು ನಿಂತಿತ್ತಲ್ಲ, ಎಂದೆ. "ಅದು ಕಂಪನಿ ಅಮ್ಮಾ," ಎಂದರು ಮಾವ. ಆಚೆ ಕಡೆ ಸೀನಿದರು, ಅಥವಾ ಅತ್ತರು. ಒನ್ ಟೌನ್‌ನಿಂದ ಮಾತಾಡುತ್ತಿದ್ದರು, ಹಾಗಾಗಿ ಸೀನಿರಬೇಕು. ಈಗ ಅವರೂ ಇಲ್ಲ.

ಇದನ್ನು ಬರೆಯುತ್ತಿರುವ ಹೊತ್ತಿಗೆ ಕೆಳಗೆ ಕೊರಿಯರಿನ ಹುಡುಗಿಯೊಬ್ಬಳು ಬಾಗಿಲು ಬಡಿದಳು. ಬಿಸಿಲಿನಲ್ಲಿ ಬಂದಿದ್ದಳು. ಪೊಟ್ಟಣ ಕೊಟ್ಟು, ಸ್ವಲ್ಪ ನೀರು ಸಿಗುತ್ತಾ ಆಂಟಿ ಎಂದಳು. ತಂದುಕೊಟ್ಟೆ. ಅವಳು ಲೋಟ ಎತ್ತಿ ಕುಡಿಯುವಷ್ಟು ಹೊತ್ತು ನನ್ನ ಮುಖದಲ್ಲಿ ನಗುವಿರಲಿಲ್ಲ. ನಗಲು ನೋಡಿದೆ, ಬರಲಿಲ್ಲ.